ಸಹಾಯ ಬೇಕು: ಮಗಳ ಇಂಗ್ಲಿಷ್ ಮೌಖಿಕ ಪರೀಕ್ಷೆ, ಗುಂಪು ಚರ್ಚೆ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗಳು ಆನ್‌ಲೈನ್ ಶಾಲೆಯಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ (ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪಠ್ಯಕ್ರಮ) ಓದುತ್ತಿದ್ದಾಳೆ. ಬರೆಯೋದಕ್ಕೆ ತೊಂದರೆಯಿಲ್ಲ, ಮಾತಾಡು ಅಂದರೆ ಗಂಟಲು ಕಟ್ಟುತ್ತದೆ.

ಇಂಗ್ಲಿಷ್ ಎರಡನೇ ಭಾಷೆಯ ಮೌಖಿಕ ಪರೀಕ್ಷೆಯಲ್ಲಿ ಮೊದಲು ಸಂದರ್ಶನ. ಆಮೇಲೆ ಕೊಟ್ಟ ವಿಷಯದ ಬಗ್ಗೆ 1 ನಿಮಿಷ ಯೋಚಿಸಿ ಸುಮಾರು 2 ನಿಮಿಷ ಮಾತಾಡಬೇಕು. ಕೊನೆಗೆ ಅದರ ಮೇಲೇ ಚರ್ಚೆ. ವಿಷಯ ಅಲ್ಲೇ ತಿಳಿಯೋದರಿಂದ ಬಾಯಿಪಾಠ ನಡೆಯೋಲ್ಲ. ಇವಳೋ, ಅಭ್ಯಾಸದಲ್ಲಿ ಎಲ್ಲ ಬರೆದಿಟ್ಟುಕೊಂಡು ಓದುತ್ತಾಳೆ. ಕಣ್ಣು ಪರದೆಯ ಅಂಚಿಗೆ ಹೋಗೋದು ಟೀಚರಿಗೆ ಗೊತ್ತಾಗದೇ ಇರುತ್ತದೆಯೇ?

ತರಗತಿಯ ಗುಂಪು ಚರ್ಚೆ ಇನ್ನೂ ಕಷ್ಟ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಧ್ವನಿ ತಡವಾಗಿ ತಲುಪುತ್ತದೆ. ಇವಳು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿರುತ್ತಾರೆ, ಇವಳು ‘ಸಾರಿ’ ಅಂದು ಮತ್ತೆ ಮ್ಯೂಟ್. ಕೈ ಎತ್ತುವ ಗುಂಡಿ ಒತ್ತೋಕೂ ನಾಚಿಕೆಯಂತೆ! ವಿಡಿಯೊ ಬಂದ್ ಮಾಡಿದರೆ ಧ್ವನಿ ಸುಧಾರಿಸುತ್ತದೆ, ಆದರೆ ಮುಖ ಕಾಣದೆ ಯಾರ ಸರದಿ ಅಂತಲೇ ತಿಳಿಯೋಲ್ಲ.

ಈ ಪರೀಕ್ಷೆ ಮುಗಿಸಿದ ಮಕ್ಕಳ ಅಪ್ಪ-ಅಮ್ಮ ಇಲ್ಲಿದ್ದೀರಾ? ಆ 1 ನಿಮಿಷವನ್ನು ಹೇಗೆ ಬಳಸಬೇಕು? ಒರಟಾಗಿ ಕೇಳಿಸದ ಹಾಗೆ ನಡುವೆ ಮಾತು ಸೇರಿಸೋಕೆ ಏನನ್ನಬೇಕು? ಶನಿವಾರ ಸಂಜೆ ಅಭ್ಯಾಸಕ್ಕೆ ಇದೇ ವಯಸ್ಸಿನ ಮೂರ್ನಾಲ್ಕು ಮಕ್ಕಳು ಸಿಕ್ಕರೂ ಸಾಕು. ಬದಲಿಗೆ ನಮ್ಮವಳು ಗಣಿತ ಹೇಳಿಕೊಡುತ್ತಾಳೆ, ಅದರಲ್ಲಿ ಗಟ್ಟಿ ಇದ್ದಾಳೆ. ದಯವಿಟ್ಟು ಕೋಚಿಂಗ್ ಜಾಹೀರಾತು ಹಾಕಬೇಡಿ.