ಹಳೇ ಟ್ರ್ಯಾಕ್ಟರ್‌ನ ಲಿಫ್ಟ್ ಎತ್ತಿದಲ್ಲಿ ನಿಲ್ಲುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಳೇ ಟ್ರ್ಯಾಕ್ಟರ್‌ನ ಹಿಂದಿನ ತ್ರೀ ಪಾಯಿಂಟ್ ಲಿಂಕೇಜ್ (ಆಯಿಲ್ ಒತ್ತಡದಿಂದ ಉಪಕರಣ ಎತ್ತುವ ಮೂರು ತೋಳುಗಳ ಲಿಫ್ಟ್) ಕಾಟ ಕೊಡುತ್ತಿದೆ. ಖಾಲಿ ಇದ್ದಾಗ ಸರಿಯಾಗಿ ಏಳುತ್ತದೆ. ಕಲ್ಟಿವೇಟರ್ ಹಾಕಿ ಎತ್ತಿದರೆ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. ಸ್ವಲ್ಪ ಇಳಿಯುತ್ತದೆ, ತಟ್ಟನೆ ಮತ್ತೆ ಏಳುತ್ತದೆ, ಬಿಕ್ಕಳಿಕೆ ಬಂದ ಹಾಗೆ. ಇಂಜಿನ್ ಆಫ್ ಮಾಡಿದರೆ ಸರ್ರನೆ ನೆಲಕ್ಕೆ ಕೂರುತ್ತದೆ.

ಆಯಿಲ್ ಲೆವೆಲ್ ಸರಿ ಇದೆ, ಫಿಲ್ಟರ್ ಹೊಸದು. ಹೊರಗೆ ಒಂದು ಹನಿಯೂ ಸೋರುತ್ತಿಲ್ಲ. ಭಾರ ಎತ್ತುತ್ತದೆ ಅಂದಮೇಲೆ ಪಂಪ್ ತಪ್ಪಲ್ಲ, ಒಳಗೇ ಆಯಿಲ್ ವಾಪಸ್ ಹೋಗುತ್ತಿದೆ ಅಂತ ನನ್ನ ಲೆಕ್ಕ. ಆದರೆ ಎಲ್ಲಿಂದ? ಪಿಸ್ಟನ್‌ನ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆಯಾ, ಆಯಿಲ್ ಬಿಡುವ-ತಡೆಯುವ ಕಂಟ್ರೋಲ್ ವಾಲ್ವ್ ಸವೆದಿದೆಯಾ? ಇವನ್ನೆಲ್ಲ ಮುಚ್ಚಿರುವ ಲಿಫ್ಟ್ ಕವರ್ ಬಿಚ್ಚುವ ಮೊದಲೇ ಪತ್ತೆ ಮಾಡುವ ದಾರಿ ಇದೆಯಾ? ಆ ಕವರ್ ಎಷ್ಟು ಭಾರ ಅಂತ ಗೊತ್ತಲ್ವಾ, ಸುಮ್ನೆ ಬಿಚ್ಚಿ ಹಾಕುವುದು ಬೇಡ.

ಜೊತೆಗೆ ಎಡಗಡೆ ಕೆಳಗಿನ ಲಿಂಕ್‌ನ ತುದಿಯ ಬಾಲ್ ಸವೆದು ತೂತು ಉದ್ದುದ್ದ ಆಗಿದೆ. ಲಿಂಕೇಜ್‌ನ ಅಳತೆ ಕೆಟಗರಿ 1, ಅಂದರೆ 22 ಮಿ.ಮೀ. ಪಿನ್. ಹೊಸ ಪಿನ್ ಹಾಕಿದರೂ ಗಡಗಡ ಅಲ್ಲಾಡುತ್ತದೆ. ಬಾಲ್ ಮಾತ್ರ ಬದಲಿಸಬಹುದಾ, ಇಲ್ಲ ತುದಿಯನ್ನೇ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕಾ? ವೆಲ್ಡಿಂಗ್ ಮೇಲೆ ನನಗೆ ನಂಬಿಕೆ ಕಮ್ಮಿ. ಎರಡು ಲಿಂಕ್‌ಗಳ ಉದ್ದ ಹೆಚ್ಚುಕಮ್ಮಿ ಆದರೆ ಕಲ್ಟಿವೇಟರ್ ಓರೆಯಾಗಿ ಓಡುತ್ತದೆ.

(ಕಲ್ಟಿವೇಟರನ್ನು ನೆಲಕ್ಕೆ ಇಳಿಸಿಯೇ ಕೈ ಹಾಕುತ್ತೇನೆ, ಆ ಭಯ ಬೇಡ.)

ಈ ಕೆಲಸ ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ. ಕವರ್ ಎತ್ತುವಾಗ ಯಾವ ಸ್ಪ್ರಿಂಗ್, ಯಾವ ಪಿನ್ ಜಾರಿ ಒಳಗೆ ಬೀಳುತ್ತದೆ ಅನ್ನುವುದನ್ನೂ ಹೇಳಿದರೆ ದೊಡ್ಡ ಉಪಕಾರ.