ಕಾಮಗಾರಿ ಹಿಂದೆ ನಿಂತ ವಾಹನಗಳ ಸಾಲು: ಎಚ್ಚರಿಕೆ ಬೋರ್ಡ್ ಎಲ್ಲಿರಬೇಕು?

ಪ್ರಶ್ನೆ (ಸೈಟ್ ಸೂಪರ್‌ವೈಸರ್): ನಾಲ್ಕು ಪಥದ ಹೆದ್ದಾರಿ. ಒಂದು ಬದಿಯ ಎರಡು ಪಥಗಳಲ್ಲಿ ಒಂದನ್ನು ಮುಚ್ಚಿ ಡಾಂಬರು ಹಾಕಬೇಕು. ‘ಮುಂದೆ ಕಾಮಗಾರಿ’ ಬೋರ್ಡ್ 1 ಕಿ.ಮೀ. ಹಿಂದೆ ಇಟ್ಟರೆ ಸಾಕೇ?

ಉತ್ತರ 1: ಸಾಲದು ಸರ್. ಬೋರ್ಡ್ ಇಟ್ಟಲ್ಲೇ ಇರುತ್ತದೆ, ಸಾಲು ಹಿಂದಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಗಂಟೆಗೆ 1,800 ವಾಹನ ಬಂದು 1,300 ಮಾತ್ರ ದಾಟಿದರೆ 500 ಉಳಿದವು. ಪಥಕ್ಕೆ 250ರಂತೆ ನಿಂತು, ಲಾರಿ ಕಾರು ಸೇರಿ ಒಂದೊಂದಕ್ಕೆ 9 ಮೀಟರ್ ಹಿಡಿದರೆ 2,250 ಮೀಟರ್ ಆಯಿತು. ಅರ್ಧ ಗಂಟೆಯೊಳಗೆ ಸಾಲಿನ ಬಾಲ ನಿಮ್ಮ ಬೋರ್ಡನ್ನು ದಾಟಿರುತ್ತದೆ. ಆಮೇಲೆ ಬಂದವರಿಗೆ ಮೊದಲು ಕಾಣುವುದು ನಿಂತ ಲಾರಿಯ ಹಿಂಭಾಗವೇ. ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ 100 ಕಿ.ಮೀ. ವೇಗದ ವಾಹನ ನಿಲ್ಲಲು 180 ಮೀಟರ್ ಬೇಕು; ರಸ್ತೆ ಒದ್ದೆಯಿದ್ದು ಲಾರಿಯಲ್ಲಿ ಹೆಚ್ಚು ಲೋಡ್ ಇದ್ದರೆ ಅದೂ ಸಾಲದು.

ಉತ್ತರ 2: ಅದಕ್ಕೇ ಬಾಲದ ಜೊತೆ ಹಿಂದೆ ಸರಿಯುವ ಎಚ್ಚರಿಕೆ ಬೇಕು. ಪಿಕಪ್ ಮೇಲೆ ಮಿನುಗುವ ಹಳದಿ ದೀಪ, ದೊಡ್ಡ ಬೋರ್ಡ್ ಕಟ್ಟಿ, ಬಾಲದಿಂದ ಸುಮಾರು 500 ಮೀಟರ್ ಹಿಂದೆ, ಪಥದಿಂದ ಪೂರ್ತಿ ಹೊರಗೆ ಶೋಲ್ಡರ್‌ನಲ್ಲಿ (ರಸ್ತೆಯಂಚಿನ ಪಟ್ಟಿ) ನಿಲ್ಲಿಸಿ. ಬಾಲ ಗಾಡಿಯಿಂದ 300 ಮೀಟರ್‌ಗೆ ಬಂದರೆ ಗಾಡಿ ಇನ್ನಷ್ಟು ಹಿಂದಕ್ಕೆ ಹೋಗಬೇಕು, ಆದರೆ ರಿವರ್ಸ್‌ನಲ್ಲಿ ಅಲ್ಲ, ಸುತ್ತಿ ಬರಬೇಕು. ಸುತ್ತಲು ಹೊತ್ತು ಹಿಡಿಯುವುದರಿಂದ ಎರಡು ಗಾಡಿ ಇದ್ದರೆ ಒಳ್ಳೆಯದು. ಬಾಲದ ಮೇಲೆ ಕಣ್ಣಿಡಲು ತಡೆಗೋಡೆಯಾಚೆ ವಾಕಿಟಾಕಿ ಹಿಡಿದ ಒಬ್ಬರು ಇರಲಿ. ಏರು ಅಥವಾ ತಿರುವು ಇದ್ದರೆ ಎಚ್ಚರಿಕೆ ಅದಕ್ಕೂ ಮೊದಲೇ ಕಾಣಬೇಕು.

ಬರಹ ‘ಮುಂದೆ ವಾಹನಗಳು ನಿಂತಿವೆ’ ಎಂದಿರಲಿ. ‘ಕಾಮಗಾರಿ’ ಎಂದು ಓದಿದವರು ಕೆಲಸವಿಲ್ಲದ ಎಷ್ಟೋ ಬೋರ್ಡ್ ನೋಡಿರುತ್ತಾರೆ, ವೇಗ ಇಳಿಸುವುದಿಲ್ಲ. ಮೀಡಿಯನ್ (ರಸ್ತೆ ನಡುವಿನ ವಿಭಜಕ) ಕಡೆಗೂ ಒಂದು ಬೋರ್ಡ್ ಬೇಕೇ ಬೇಕು: ಎಡಪಥದ ಲಾರಿ ಸಾಲು, ಓವರ್‌ಟೇಕ್ ಮಾಡುವ ಕಾರಿಗೆ ಎಡಬದಿಯ ಬೋರ್ಡನ್ನು ಪೂರ್ತಿ ಮರೆಮಾಡುತ್ತದೆ.

ಪ್ರಶ್ನೆ ಕೇಳಿದವರು: ತಾತ್ಕಾಲಿಕ ಉಬ್ಬು ಹಾಕಿದರೆ?

ಉತ್ತರ 3: ದಯವಿಟ್ಟು ಬೇಡ. ಕತ್ತಲಲ್ಲಿ ಉಬ್ಬು ಕಂಡವನು ಹಠಾತ್ ಬ್ರೇಕ್ ಹಾಕುತ್ತಾನೆ, ಸಾಲು ಅಲ್ಲಿಂದಲೇ ಶುರುವಾಗುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ ಐ-35 ಹೆದ್ದಾರಿ ವಿಸ್ತರಣೆ ವೇಳೆ ರೇಡಾರ್ ಸೆನ್ಸರ್, ಸಂದೇಶ ಫಲಕಗಳ ಜೊತೆ ಎತ್ತಿಡಬಹುದಾದ ರಂಬಲ್ ಸ್ಟ್ರಿಪ್ ಬಳಸಿದ್ದರು. ಅವು ಗಡಗಡ ಸದ್ದಿನಿಂದ ಎಚ್ಚರಿಸುತ್ತವೆ, ಗಾಡಿಯನ್ನು ಎತ್ತಿ ಹಾಕುವುದಿಲ್ಲ. ಆದರೆ ಸಾಲು ಅವುಗಳ ಮೇಲೇ ಬಂದು ನಿಂತರೆ ಪ್ರಯೋಜನವಿಲ್ಲ.

ಕಲ್ಲು, ಸೊಪ್ಪು ಇಡುವ ಅಭ್ಯಾಸವೂ ನಿಲ್ಲಲಿ. ರಾತ್ರಿ ಬೈಕಿನವರಿಗೆ ಆ ಕಲ್ಲೇ ಅಪಾಯ. ರಿಫ್ಲೆಕ್ಟರ್ ಹಾಳೆಯ ಮೇಲಿನ ಧೂಳನ್ನು ದಿನಾ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಕೂತ ಬೋರ್ಡ್ ಹೆಡ್‌ಲೈಟಿಗೆ ಹೊಳೆಯುವುದಿಲ್ಲ.

ಉತ್ತರ 1: ಪಥ ಮುಚ್ಚುವ ಮೊದಲೇ 15 ನಿಮಿಷ ವಾಹನ ಎಣಿಸಿ ನಾಲ್ಕರಿಂದ ಗುಣಿಸಿ. ಗಂಟೆಗೆ ಬರುವ ವಾಹನ 1,300 ಮೀರುವ ಹೊತ್ತಾದರೆ ಆಗ ಮುಚ್ಚಬೇಡಿ, ಬೇರೆ ಹೊತ್ತು ಹುಡುಕಿ.