ಲಾಗ್ ತುಂಬ 4625, ಆ್ಯಂಟಿವೈರಸ್ ಸುಮ್ಮನ: ಒಳಗ ಬಂದಾರೋ ಇಲ್ಲೋ ಹೆಂಗ ನೋಡೂದು?

ಪ್ರಶ್ನೆ (ನವನಗರ, ಬಾಗಲಕೋಟೆ)
ಪತ್ತಿನ ಸಂಘದ ಸರ್ವರ್, ವಿಂಡೋಸ್ 2019. ಇಳಕಲ್ ಶಾಖೆಯವರು ಆರ್‌ಡಿಪಿ (ದೂರದಿಂದ ಸರ್ವರ್ ಪರದೆ ತೆರೆಯೂ ಸವಲತ್ತು) ಬಳಸ್ತಾರ, ಅದಕ್ಕ ರೌಟರ್‌ನ್ಯಾಗ 3389 ಪೋರ್ಟ್ ತೆರೆದೈತಿ. ಸೆಕ್ಯುರಿಟಿ ಲಾಗ್ ತುಂಬ 4625, ಅಂದ್ರ ಸೋತ ಲಾಗಾನ್ ಪ್ರಯತ್ನದ ದಾಖಲೆ. ಆ್ಯಂಟಿವೈರಸ್ ಏನೂ ಹೇಳವಲ್ದು. ಯಾರರ ಒಳಗ ಹೊಕ್ಕಾರೇನು, ಹೆಂಗ ತಿಳಿಯೂದ್ರಿ?

ಉತ್ತರ (ಬೆಳಗಾವಿ)
ಆ್ಯಂಟಿವೈರಸ್ ಹೇಳೂದಿಲ್ಲರಿ. ಖರೇ ಪಾಸ್‌ವರ್ಡ್ ಹಾಕಿ ಬಂದವ ಅದರ ಲೆಕ್ಕದಾಗ ನಿಮ್ಮ ನೌಕರನ. 4625 ಎಣಿಸ್ಕೋತ ಕುಂದರಬ್ಯಾಡ್ರಿ, ಅದು ಬರೇ ಬಾಗಿಲಾ ಬಡಿದ ಸಪ್ಪಳ. 4624 (ಗೆದ್ದ ಲಾಗಾನ್) ಹುಡುಕ್ರಿ: ಆರ್‌ಡಿಪಿ ಮ್ಯಾಲೆ ಬಂದದ್ದು ಲಾಗಾನ್ ಟೈಪ್ 10, ಕಡಿದ ಸೆಷನ್‌ಗೆ ಮತ್ತ ಕೂಡಿದ್ರ 7. ಐಪಿ ಇಳಕಲ್ಲಿನದಲ್ಲ, ಹೊತ್ತು ನಡುರಾತ್ರಿ ಅಂದ್ರ ಹೊಕ್ಕಾರ ಅಂತ ತಿಳ್ಕೋರಿ. ಎನ್‌ಎಲ್‌ಎ (ಪರದೆ ತೆರೆಯೂ ಮೊದಲ ಪಾಸ್‌ವರ್ಡ್ ಕೇಳೂ ಪದ್ಧತಿ) ಚಾಲೂ ಇದ್ರ ಸೋತ ಪ್ರಯತ್ನ ಟೈಪ್ 3 (ನೆಟ್‌ವರ್ಕ್ ಲಾಗಾನ್) ಅಂತ ಬೀಳತಾವು. ಬರೇ 10 ಸೋಸಿ "ಏನೂ ಇಲ್ಲ" ಅಂತ ಮೋಸ ಹೋಗೂದು ಇಲ್ಲೇ.

4625ರೊಳಗ ಸಬ್ ಸ್ಟೇಟಸ್ (ಯಾಕ ಸೋತಿತು ಅನ್ನೂ ಕೋಡ್) ನೋಡ್ರಿ. ಕೊನಿಗೆ 64 ಇದ್ರ ಆ ಹೆಸರಿನ ಖಾತೆನ ಇಲ್ಲ, ಕತ್ತಲದಾಗ ಕಲ್ಲು ಒಗ್ಯಾಕತ್ತಾರ. 6ಎ ಇದ್ರ ಹೆಸರು ಸರಿ, ಪಾಸ್‌ವರ್ಡ್ ಅಷ್ಟ ತಪ್ಪು. ಅದು ಹೆಚ್ಚಿನ ಚಿಂತಿ.

ಹೊಕ್ಕ ಮ್ಯಾಲಿನ ಗುರುತು: 4720 ಹೊಸ ಖಾತೆ, 4732 ಗುಂಪಿಗೆ ಸೇರಿಸಿದ್ದು, 7045 ಹೊಸ ಸರ್ವಿಸ್ (ಇದು ಸಿಸ್ಟಮ್ ಲಾಗ್‌ನ್ಯಾಗ ಇರತೈತಿ). 1102 ಕಂಡ್ರ ಯಾರೋ ಲಾಗ್ ಅಳಿಸ್ಯಾರ.

ಉತ್ತರ (ವಿಜಯಪುರ)
4624 ಸಿಗಲಿಲ್ಲ ಅಂತ ನಿಶ್ಚಿಂತಿ ಆಗಬ್ಯಾಡ್ರಿ. ಸೆಕ್ಯುರಿಟಿ ಲಾಗ್ ಬದಲಿಸದಿದ್ರ 20 ಎಂಬಿ ಅಷ್ಟ. 4625 ಮಳಿ ಹಂಗ ಸುರಿದ್ರ ಹಳೇವು ಅಳಿಸಿ ಹೋಗತಾವು. ಮೊದಲ ಲಾಗ್ ಕಾಪಿ ತಕ್ಕೋರಿ, ಆಮ್ಯಾಲೆ 1 ಜಿಬಿ ಮಾಡ್ರಿ. ಟರ್ಮಿನಲ್ ಸರ್ವಿಸಸ್‌ನ ಲೋಕಲ್ ಸೆಷನ್ ಮ್ಯಾನೇಜರ್ ಲಾಗ್ ಬ್ಯಾರೇನ ಐತಿ, ಅದರಾಗ 21 (ಲಾಗಾನ್) ಮತ್ತ 25 (ಮತ್ತ ಕೂಡಿದ್ದು) ನೋಡ್ರಿ, ಐಪಿ ಸಮೇತ ಸಿಗತಾವು. ಸೋತ ಪ್ರಯತ್ನ ಅಲ್ಲಿ ಬೀಳೂದಿಲ್ಲ, ಹಿಂಗಾಗಿ ಹಳೇವೂ ಉಳಿದಿರತಾವು.

ಪ್ರಶ್ನೆ ಕೇಳಿದವರು
ಪೋರ್ಟ್ 3390 ಮಾಡಿದ್ರ ಸಾಕೇನ್ರಿ?

ಉತ್ತರ (ಬೆಳಗಾವಿ)
ಸಾಲೂದಿಲ್ಲ, ಸ್ಕ್ಯಾನರ್ ಎಲ್ಲಾ ಪೋರ್ಟ್ ತಡವತಾವು. ರೌಟರ್‌ನ್ಯಾಗ ಮುಚ್ಚಿ, ವಿಪಿಎನ್ (ಇಂಟರ್ನೆಟ್ ಮ್ಯಾಲಿನ ಗುಪ್ತ ದಾರಿ) ಮ್ಯಾಲೆ ಬರ್ರಿ. ಮುಂದಿನ ನಿಗಾಕ್ಕ ವಾಝೂ ಅನ್ನೂ ಲಾಗ್ ಕಾಯೂ ಸಾಫ್ಟ್‌ವೇರ್ ಪುಕ್ಕಟೆ ಐತಿ. 25 ಕಂಪ್ಯೂಟರ್ ತನಕ 4 ಕೋರ್, 8 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್ ನಡೀತೈತಿ. ಆದ್ರ ಇ-ಮೇಲ್ ಕಳಿಸೂ ಎಚ್ಚರಿಕೆ ಮಟ್ಟ 12ಕ್ಕ ಇಟ್ಟಿರತಾರ, ಸಾಲು ಸಾಲು ಸೋತ ಲಾಗಾನ್ ಮಟ್ಟ 10ಕ್ಕ ಬೀಳತಾವು. ಇಳಿಸದಿದ್ರ ಮೇಲ್ ಬರೂದಿಲ್ಲ.

ಉತ್ತರ (ವಿಜಯಪುರ)
ಹೊಕ್ಕದ್ದು ಖಾತ್ರಿ ಆದ್ರ ನೆಟ್ ಕೇಬಲ್ ಕೀಳ್ರಿ, ಪವರ್ ಆರಿಸಬ್ಯಾಡ್ರಿ, ಫಾರ್ಮ್ಯಾಟ್ ಅಂತೂ ಬ್ಯಾಡೇ ಬ್ಯಾಡ. ಸರ್ಟ್-ಇನ್‌ನ (ಕೇಂದ್ರ ಸರಕಾರದ ಸೈಬರ್ ಸುರಕ್ಷಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದಂತ 6 ತಾಸಿನ್ಯಾಗ ಅವರಿಗೆ ತಿಳಿಸಬೇಕು, ಲಾಗ್ 180 ದಿನ ಇಡಬೇಕು.